ಬಣ್ಣ ಹೋದರೆ ವಾಪಸ್

ಕಡಿಮೆ ಬೆಲೆಯ ಬಟ್ಟೆ ಮಾರುವವಳಿಗೆ ವ್ಯಾಪಾರ ಇಲ್ಲದ ದಿನ ಇರುತ್ತದೆ, ಪ್ರಸಂಗ ಇಲ್ಲದ ದಿನ ಇರುವುದಿಲ್ಲ. ದೊಡ್ಡ ಅಂಗಡಿಯಲ್ಲಿ ದುಬಾರಿ ಸೀರೆ ಕೊಂಡವರು ಅದು ಹರಿದರೂ ಮರ್ಯಾದೆಗೆ ಅಂಜಿ ಸುಮ್ಮನಿರುತ್ತಾರೆ. ನನ್ನಲ್ಲಿ ಕೊಂಡವರು ಒಂದು ನೂಲು ಎದ್ದರೂ ಬಸ್ ಹತ್ತಿ ಬರುತ್ತಾರೆ. ಹೆಂಗಸರಿಗೆ ಬಸ್ ಫ್ರೀ ಆದಮೇಲಂತೂ ಒಂದು ಗುಂಡಿ ಕಿತ್ತುಹೋದರೂ ಬರುತ್ತಾರೆ.

ನಾನು ಶುರು ಮಾಡಿದ್ದು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಸಂತೆಗಳಲ್ಲಿ, ನೆಲಕ್ಕೆ ಟಾರ್ಪಾಲು ಹಾಸಿ. ಮಗಳು ಅಂಗನವಾಡಿಗೆ ಹೋಗುತ್ತಿದ್ದಾಗಲೇ ಅವಳ ಅಪ್ಪ ತೀರಿಕೊಂಡರು. ಈಗ ಹಾಸನದಲ್ಲಿ ಒಂದು ಅಂಗಡಿ ಇದೆ. ಇಬ್ಬರು ಗಿರಾಕಿ ಒಟ್ಟಿಗೆ ಬಗ್ಗಿದರೆ ಒಬ್ಬರು ರಸ್ತೆಯಲ್ಲಿರುತ್ತಾರೆ, ಅಷ್ಟು ಸಣ್ಣದು. ಆದರೆ ಬಾಗಿಲು, ಬೀಗ, ಬೋರ್ಡು ಮೂರೂ ನನ್ನವು. ನಾನು ಶಾಲೆಗೆ ಹೋದವಳಲ್ಲ. ಬಟ್ಟೆ ಬಂಡಲಿಗೆ ಸುತ್ತಿ ಬರುತ್ತಿದ್ದ ಹಳೆಯ ಪೇಪರಿನಲ್ಲಿ ಓದು ಕಲಿತೆ. ಹಾಗಾಗಿ ಬಹಳ ವರ್ಷ ನನಗೆ ಯಾವ ಸುದ್ದಿಯೂ ಪೂರ್ತಿ ಗೊತ್ತಾಗುತ್ತಿರಲಿಲ್ಲ. ಅರ್ಧ ನನ್ನ ಬಂಡಲಿನಲ್ಲಿ, ಇನ್ನರ್ಧ ಇನ್ಯಾರದೋ ಅಂಗಡಿಯಲ್ಲಿ.

ಈ ಬಟ್ಟೆಗಳ ದೆಸೆಯಿಂದ ಮಗಳ ಮದುವೆಯೇ ನಿಂತುಹೋಗುವ ಹಾಗಿತ್ತು. ನಿಲ್ಲಲಿಲ್ಲ. ಅದಕ್ಕೇ ಇಷ್ಟು ನಿರಾಳವಾಗಿ ಕೂತು ಬರೆಯುತ್ತಿದ್ದೇನೆ.

೧. ಓದುವ ಬಣ್ಣ

ಅಂಗಡಿ ಹಾಕಿದ ವಾರವೇ ಬೋರ್ಡು ಬರೆದೆ. ಪೇಂಟರಿಗೆ ಕೊಡಬಹುದಿತ್ತು. ಕಷ್ಟಪಟ್ಟು ಕಲಿತ ಅಕ್ಷರ ನನ್ನ ಹತ್ತಿರವೇ ಇರುವಾಗ ಅವನಿಗೇಕೆ ಕೊಡಲಿ ಎಂಬ ಹಟ ನನಗೆ. ನಮ್ಮ ಕಡೆ ಮಾತಿನಲ್ಲಿ ಹಕಾರ ಬಾಯಿಗೆ ಬರುವುದೇ ಇಲ್ಲ. 'ಹೋಗು' ಅನ್ನುವುದು 'ಓಗು', 'ಹಂಗೆ' ಅನ್ನುವುದು 'ಅಂಗೆ'. ಮಾತಾಡಿದ ಹಾಗೆಯೇ ಬರೆದೆ: 'ಬಣ್ಣ ಓದರೆ ವಾಪಸ್.'

ರಿಟೈರಾದ ಮೇಷ್ಟ್ರೊಬ್ಬರು ಎದುರಿಗೆ ನಿಂತು ಎರಡು ಸಲ ಓದಿದರು.

"ಏನಮ್ಮಾ, ನಿನ್ನಂಗಡಿ ಬಣ್ಣ ಓದುತ್ತಾ?"

"ಏನ್ ಸಾ?"

"ನೀನೇ ಬರೆದಿದ್ದೀಯಲ್ಲ. ಓದೋಕೆ ಅದೇನು ಸ್ಕೂಲಿಗೆ ಹೋಗಿತ್ತಾ?"

ಅರ್ಥವಾಗಿ ಮುಖ ಕಾದ ಹೆಂಚಿನಂತಾಯಿತು. ಆದರೂ ಬಿಡಲಿಲ್ಲ. "ಸ್ಕೂಲ್ಗೆ ನಾನೂ ಓಗಿಲ್ಲ ಸಾ. ಓದಕ್ಕಿಲ್ವಾ?"

ಮೇಷ್ಟ್ರು ಆ ಮಾತಿಗೆ ಎರಡು ಕರ್ಚೀಫು ಕೊಂಡರು. ಹೋಗುವ ಮುಂಚೆ ಸೀಮೆಸುಣ್ಣದಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ದೊಡ್ಡದಾಗಿ 'ಹ' ಬರೆದರು. "ಇದು ಗಂಟಲಿಂದ ಬರಬೇಕು. ಬಾಯಿ ತೆರೆದು ಉಸಿರು ಬಿಡು."

ಬಿಟ್ಟೆ. 'ಅ' ಅಂತ ಬಂತು. ಇನ್ನೊಮ್ಮೆ ಬಿಟ್ಟೆ. ಆಗಲೂ 'ಅ'. ಮೂರನೆಯ ಸಲ ಇದ್ದ ಉಸಿರನ್ನೆಲ್ಲ ಸೇರಿಸಿ ಬಿಟ್ಟಾಗ, ಪಕ್ಕದ ಚಪ್ಪಲಿ ಅಂಗಡಿಯವರು ಓಡಿ ಬಂದು ನೀರು ಕುಡಿಸಿದರು.

೨. ಐದು ಲೀಟರಿನ ಕುಕ್ಕರ್

ಸೋಲುವುದು ನನ್ನ ಜಾಯಮಾನ ಅಲ್ಲ. ಪೆನ್ನು ನನ್ನ ಕೈಯಲ್ಲಿ ಜಾರುತ್ತದೆ, ಸೂಜಿ ಜಾರುವುದಿಲ್ಲ. ಚೂರು ಬಟ್ಟೆಗಳ ಮೇಲೆ ಕೆಂಪು ದಾರದಲ್ಲಿ 'ಹ' ಹೊಲಿದೆ, ಹೊಲಿದೆ, ಒಂದು ದಿಂಬಿಗಾಗುವಷ್ಟು ಹೊಲಿದೆ. ಬೋರ್ಡಿನಲ್ಲಿ 'ಓದರೆ' ಅಳಿಸಿ 'ಹೋದರೆ' ಮಾಡಿದೆ. ಕಲಿತ ಮೇಲೆ ಕೈ ಸುಮ್ಮನಿರಬೇಕಲ್ಲ, ಎಲ್ಲಿ ಬೇಕೋ ಎಲ್ಲಿ ಬೇಡವೋ ಅಲ್ಲೆಲ್ಲ 'ಹ' ಹಾಕತೊಡಗಿದೆ. ಎಲ್ಲಾ ಅಳತೆಯ ಬಟ್ಟೆಯೂ ನಮ್ಮಲ್ಲಿದೆ ಎಂದು ಊರಿಗೆ ತಿಳಿಯಲಿ ಅಂತ ಎರಡನೆಯ ಬೋರ್ಡು ಬರೆದೆ: 'ಇಲ್ಲಿ ಎಲ್ಲಾ ಹಳತೆಯ ಬಟ್ಟೆ.'

ಆ ವಾರ ಗಿರಾಕಿಗಳು ಬಾಗಿಲಿಗೆ ಬಂದು, ಮೇಲೆ ನೋಡಿ, ತಿರುಗಿ ಹೋಗುತ್ತಿದ್ದರು. ಯಾಕೆಂದು ತಿಳಿಯಲಿಲ್ಲ. ನಾಲ್ಕನೆಯ ದಿನ, ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ತಲೆಯ ಮೇಲಿನ ಬುಟ್ಟಿ ಇಳಿಸಿ ಅಂಗಡಿಯನ್ನು ಮೇಲಿಂದ ಕೆಳಗೆ ಅಳೆದಳು.

"ಅಕ್ಕಾ, ಎಲ್ಲಾ ಸೇರಿಸಿ ಕೊಟ್ಬುಡು. ಈ ಕುಕ್ಕರ್ ಇಟ್ಕೋ."

"ಏನೇ? ಇಡೀ ಅಂಗ್ಡಿಗೆ ಒಂದು ಕುಕ್ಕರಾ?"

"ಐದು ಲೀಟ್ರುದು ಕಣಕ್ಕ! ನೀನೇ ಬೋರ್ಡಾಕಿದ್ದೀಯಲ್ಲ, ಎಲ್ಲಾ ಅಳೇ ಬಟ್ಟೆ ಅಂತ?"

"ಅಳೇದಲ್ಲ ಕಣೇ, ಎಲ್ಲಾ ಒಸಾವು!"

ಅವಳು ಒಂದು ಸೀರೆ ಎಳೆದು ಬೆಳಕಿಗೆ ಹಿಡಿದಳು, ಉಜ್ಜಿದಳು, ಮೂಸಿಯೂ ನೋಡಿದಳು.

"ಒಸಾವಾ?" ಅಂದಳು. "ಅಂಗಾದ್ರೆ ಕುಕ್ಕರ್ ಬ್ಯಾಡ. ಸೌಟು ತಗೋ."

೩. ಪಂಚೆಗೆ ಬಂದದ್ದು

ಅರಕಲಗೂಡಿನ ಕಡೆಯ ರೈತರೊಬ್ಬರು ಕೆಂಪು ಶರ್ಟು ಕೊಂಡಿದ್ದರು. ಹದಿನೈದು ದಿನಕ್ಕೆ ವಾಪಸ್ ಬಂದು ಶರ್ಟನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ಹಿಡಿದು ನೋಡಿದೆ. ದಾಸವಾಳದ ಹಾಗೆ ಕೆಂಪಗೇ ಇತ್ತು.

"ಬಣ್ಣ ಓಗಿಲ್ವಲ್ಲ ಯಜಮಾನ್ರೇ?"

"ಓಗಿಲ್ಲ ಕಣವ್ವ. ಬಂದೈತೆ." ಚೀಲದಿಂದ ಒಂದು ಪಂಚೆ ತೆಗೆದರು. ಬಿಳಿಯ ಪಂಚೆಯಾಗಿದ್ದಿರಬೇಕು, ಈಗ ಸೊಂಟದಿಂದ ಅಂಚಿನವರೆಗೆ ಗುಲಾಬಿ. "ಮಗಳ ಮನೆ ಗೃಹಪ್ರವೇಶಕ್ಕೆ ಇದ್ನ ಉಟ್ಕಂಡು ಓದೆ. ಪೆಂಡಾಲ್ನೋರು ಬಂದು ಪೆಂಡಾಲ್ ಬಟ್ಟೆ ಎಷ್ಟು ಮೀಟ್ರು ಉಳೀತು ಅಂದ್ರು."

ನಗು ಬಂತು. ನುಂಗಿಕೊಂಡು ನ್ಯಾಯ ಹೇಳಿದೆ. "ನೋಡಿ, ನನ್ನ ಬೋರ್ಡಲ್ಲಿ ಬಣ್ಣ ಹೋದರೆ ಅಂತ ಐತೆ. ಬಂದರೆ ಅಂತ ಇಲ್ಲ. ಪಂಚೆ ನನ್ನಂಗ್ಡಿದೂ ಅಲ್ಲ."

ಅವರು ಗಡ್ಡ ಕೆರೆದುಕೊಂಡು ಯೋಚಿಸಿದರು. "ಸರಿ. ಪಂಚೆ ನಂದು. ಒಪ್ತೀನಿ. ಅದ್ರ ಮ್ಯಾಲಿರೋ ಬಣ್ಣ ನಿಂದು ತಾನೇ?"

"ನಂದೇ."

"ವಾಪಸ್ ತಗೋ."

ಕೋರ್ಟಿನಲ್ಲಿ ಇರಬೇಕಾದ ಮನುಷ್ಯ. ಹೊಸ ಪಂಚೆ ಕೊಟ್ಟು ಕಳಿಸಿದೆ. ಅಂದಿನಿಂದ ಎರಡು ಕೆಲಸ ತಪ್ಪದೆ ಮಾಡುತ್ತೇನೆ. ಹೊಸ ಮಾಲು ಬಂದರೆ ಮೊದಲು ಒಂದನ್ನು ನಾನೇ ಬಕೆಟ್ಟಿನಲ್ಲಿ ನೆನೆಸಿ, ನೀರು ತಿಳಿಯಾಗಿ ಉಳಿದರೆ ಮಾತ್ರ ಉಳಿದದ್ದನ್ನು ಮಾರುತ್ತೇನೆ. ಮತ್ತೆ, ಎಲ್ಲೆಲ್ಲೋ ಕೊಂಡದ್ದನ್ನು ತಂದು ನನ್ನ ತಲೆಗೆ ಕಟ್ಟಬಾರದಲ್ಲ, ಅದಕ್ಕೆ ಪ್ರತಿಯೊಂದು ಬಟ್ಟೆಯ ಅಂಚಿನ ಒಳಮೂಲೆಯಲ್ಲಿ ಕೆಂಪು ದಾರದಲ್ಲಿ ಒಂದು ಗುರುತು ಹೊಲಿಯುತ್ತೇನೆ. ಯಾವ ಗುರುತು ಎಂದು ಕೇಳಬೇಕೇ? ಅಭ್ಯಾಸವಾಗಿದ್ದ ಅಕ್ಷರ ಒಂದೇ.

೪. ಫ್ರೀ ಸೈಜ್

ಮಗಳು ಓದಿ, ಬಿ.ಎಡ್. ಮಾಡಿ, ಹೊಳೆನರಸೀಪುರದ ಒಂದು ಶಾಲೆಯಲ್ಲಿ ಟೀಚರ್ ಆದಳು. ಹೋಗುವಾಗ ಒಂದು ಚೀಲದಲ್ಲಿ ಸೀರೆ, ನೈಟಿ ತುಂಬಿಕೊಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಮಾರುತ್ತಿದ್ದಳು. ಅದರಲ್ಲಿ ಒಂದು ವಿಚಿತ್ರ ಇತ್ತು. ನೈಟಿ ವಾಪಸ್ ಬಂದರೂ ಬರುತ್ತಿತ್ತು. ತಿಂಗಳಿಗೊಂದು ಒಳ್ಳೆ ಸೀರೆ ಮಾತ್ರ ಚೌಕಾಸಿಯೇ ಇಲ್ಲದೆ ಹೋಗುತ್ತಿತ್ತು. "ಯಾರೇ ಅವ್ರು, ಪುಣ್ಯಾತ್ಗಿತ್ತಿ?" ಅಂದರೆ, "ಯಾರೋ ಸ್ಟಾಫು ಬುಡವ್ವ" ಅಂತ ತಲೆ ಬಾಚಿಕೊಳ್ಳಲು ಹೋಗುತ್ತಿದ್ದಳು. ದಿನಕ್ಕೆಷ್ಟು ಸಲ ತಲೆ ಬಾಚುತ್ತಾಳಪ್ಪ ಎಂದು ನನಗೂ ಅನ್ನಿಸಿತ್ತು.

ಆ ಶಾಲೆಯ ಆಯಾ ಒಬ್ಬರು ನೈಟಿ ಕೊಂಡಿದ್ದರು. ಒಂದು ಬೆಳಿಗ್ಗೆ ಅಂಗಡಿಗೇ ಬಂದರು.

"ಒಳಗೆ ಚೀಟಿಲಿ ಫ್ರೀ ಸೈಜ್ ಅಂತ ಐತಂತೆ. ನನ್ ಮೊಮ್ಮಗಳು ಓದುದ್ಲು. ಫ್ರೀ ಅಂದ್ಮ್ಯಾಕೆ ನಿನ್ ಮಗಳು ದುಡ್ಯಾಕೆ ಈಸ್ಕಂಡ್ಲು?"

ಫ್ರೀ ಆಗಿರುವುದು ಸೈಜು ಮಾತ್ರ, ಬಟ್ಟೆ ಅಲ್ಲ ಎಂದು ತಿಳಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಆಮೇಲೆ ಅವರು ನೈಟಿ ತೆಗೆದು ಬಿಡಿಸಿದರು. ಒಗೆದೊಗೆದು ಮಗುವಿನ ಫ್ರಾಕಿನಷ್ಟಾಗಿತ್ತು. ಬಣ್ಣ ನೆನೆಸಿ ನೋಡಿದ್ದೆ, ಅಳತೆ ನೋಡಿರಲಿಲ್ಲ. ಸರಿ, ಇನ್ನು ಜಗಳ ಎಂದು ಸೆರಗು ಸಿಕ್ಕಿಸಿಕೊಂಡೆ.

"ಮೊದಲ್ನೇ ಸಲ ಒಗೆದ್ಮ್ಯಾಕೆ ನನಗೆ ಆಗ್ಲಿಲ್ಲ, ಸೊಸೆ ಆಕ್ಕಂಡ್ಲು. ಮೂರ್ನೇ ಸಲಕ್ಕೆ ಅವ್ಳಿಗೂ ಆಗ್ಲಿಲ್ಲ, ಮೊಮ್ಮಗಳು ಆಕ್ಕಂಡ್ಲು. ಒಂದು ತಗಂಡ್ರೆ ಮನೆಮಂದಿಗೆಲ್ಲ ಆಯ್ತದೆ ಕಣವ್ವ. ಇಂಥದ್ದೇ ಇನ್ನೊಂದು ಕೊಡು."

೫. ಬೀರು

ಮಗಳ ತಲೆ ಬಾಚುವಿಕೆಯ ಅರ್ಥ ಕಳೆದ ವರ್ಷ ಗೊತ್ತಾಯಿತು. ಅದೇ ಶಾಲೆಯ ಲೆಕ್ಕದ ಮೇಷ್ಟ್ರು, ಚನ್ನರಾಯಪಟ್ಟಣದ ಹುಡುಗ. ಇಬ್ಬರೂ ಒಪ್ಪಿದ್ದರು. ಹುಡುಗ ಚಿನ್ನ. ತೊಂದರೆ ಇದ್ದದ್ದು ಅವನ ತಾಯಿಯದು. ಹುಡುಗಿ ಏನೋ ಸರಿ, ಆದರೆ ಸಂತೆಯಲ್ಲಿ ಅಗ್ಗದ ಬಟ್ಟೆ ಹರವಿಕೊಂಡು ಕೂತವರ ಮನೆಯ ಸಂಬಂಧ ಹೇಗೆ, ನಾವು ಉಟ್ಟರೆ ಮೈಸೂರಿನ ದೊಡ್ಡ ಅಂಗಡಿಯದ್ದೇ ಉಡುವುದು ಎಂದು ಹೇಳಿಕಳಿಸಿದ್ದರು. ನೀವೇ ಬಂದು ನಮ್ಮ ಮನೆ ನೋಡಿ, ಮಾತಾಡಿ, ಆಮೇಲೆ ತೀರ್ಮಾನ ಅಂದಿದ್ದರು.

ಹೊರಡುವ ದಿನ ಮಗಳು ಕೈ ಹಿಡಿದುಕೊಂಡಳು. "ಅವ್ವ, ಅಂಗಡಿ ಸುದ್ದಿ ಎತ್ಬೇಡ. ಅವ್ರು ಏನಂದ್ರೂ ಹೂಂ ಅನ್ನು. ಇದೊಂದು ದಿನ. ನನಗೋಸ್ಕರ." ಅವಳ ಕಣ್ಣು ತುಂಬಿತ್ತು. ಇಪ್ಪತ್ತು ವರ್ಷ ಯಾರಿಗೂ ತಗ್ಗದ ನಾನು ಹೂಂ ಅಂದೆ. ಆದರೆ ಯಾರದಾದರೂ ರೇಷ್ಮೆ ಸೀರೆ ಇಸಿದುಕೊಂಡು ಉಡು ಅಂದಾಗ ಮಾತ್ರ ಒಪ್ಪಲಿಲ್ಲ. ನನ್ನ ಅಂಗಡಿಯ ಸೀರೆಯನ್ನೇ ಉಟ್ಟು, ಅಣ್ಣನನ್ನು ಕರೆದುಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ.

ಉಪ್ಪಿಟ್ಟು ಬಂತು, ಕಾಫಿ ಬಂತು. ಹುಡುಗನ ತಾಯಿ ಏನಂದರೂ ಹೂಂ ಅಂದೆ. ಅಗ್ಗದ ಬಟ್ಟೆ ಉಟ್ಟರೆ ಮೈ ಕೆರೆಯುತ್ತೆ ಅಂದರು. ಹೂಂ. ನೀರು ಕಂಡರೆ ಬಣ್ಣ ಬಿಡುತ್ತೆ ಅಂದರು. ಅಣ್ಣ ನನ್ನ ಮುಖ ನೋಡಿದ. ಹಲ್ಲು ಕಚ್ಚಿ ಹೂಂ ಅಂದೆ.

"ಬನ್ನಿ, ಒಳ್ಳೇ ಸೀರೆ ಅಂದ್ರೆ ಎಂಗಿರ್ತದೆ ತೋರುಸ್ತೀನಿ" ಎಂದು ಬೀರು ತೆರೆದರು.

ನನ್ನ ಅಂಗಡಿಯ ಕಪಾಟನ್ನೇ ಯಾರೋ ಎತ್ತಿ ತಂದಿಟ್ಟಂತಿತ್ತು. ಯುಗಾದಿಗೆ ತರಿಸಿದ ಗಿಣಿ ಹಸಿರು. ಗೌರಿ ಹಬ್ಬದ ಮಾವಿನ ಅಂಚು. ಇರಲಿ, ಇಂಥವು ಎಲ್ಲಾ ಕಡೆಯೂ ಸಿಗುತ್ತವೆ ಅಂದುಕೊಂಡೆ. ಹಿಂದೆ ನಿಂತಿದ್ದ ಹುಡುಗ ಯಾಕೋ ಫ್ಯಾನು ನೋಡುತ್ತಿದ್ದ. ಫ್ಯಾನು ತಿರುಗುತ್ತಿರಲಿಲ್ಲ.

"ತಿಂಗ್ಳಿಗೊಂದು ತತ್ತಾನೆ ನನ್ ಮಗ, ಮೈಸೂರಿಂದ. ಎಷ್ಟು ಸಲ ಒಗೆದಿದ್ದೀನಿ, ಒಂಚೂರು ಬಣ್ಣ ಓಗಿಲ್ಲ. ದೊಡ್ಡಂಗ್ಡಿ ಮಾಲು ಅಂದ್ರೆ ಅದು. ಕಂಪ್ನಿ ಗುರ್ತೂ ಐತೆ ನೋಡಿ. ನಮ್ ಬೀದಿಲೆಲ್ಲ ತೋರ್ಸಿದ್ದೀನಿ."

ಅಂಚಿನ ಒಳಮೂಲೆ ಮಗುಚಿದರು. ಕೆಂಪು ದಾರ. ನನ್ನದೇ ಹೊಲಿಗೆ.

ಆಗಲೂ ಬಾಯಿ ಬಿಡಲಿಲ್ಲ, ದೇವರಾಣೆ. ಮಗಳ ತುಂಬಿದ ಕಣ್ಣು ನೆನೆಸಿಕೊಂಡು ಸುಮ್ಮನೆ ನಿಂತಿದ್ದೆ. ಅವರು ಇನ್ನೊಂದು ಮಾತು ಆಡದಿದ್ದರೆ ಹಾಗೇ ಬಂದುಬಿಡುತ್ತಿದ್ದೆ.

"ಇದು 'ಅ' ಕಂಪ್ನಿ ಸೀರೆ" ಅಂದರು.

ಒಂದು ದಿಂಬಿಗಾಗುವಷ್ಟು ಹೊಲಿದು ಕಲಿತ ಅಕ್ಷರ ಅದು.

"'ಅ' ಅಲ್ಲ ಕಣ್ರೀ, 'ಹ'!" ಅಂದೇಬಿಟ್ಟೆ. "ಗಂಟಲಿಂದ ಬರ್ಬೇಕು."

"ನಿಮಗೆಂಗೆ ಗೊತ್ತು?"

"ಆ ದಾರ ಆಕಿದೋಳು ನಾನೇ." ನನ್ನ ಸೆರಗಿನ ಮೂಲೆ ಮಗುಚಿ ತೋರಿಸಿದೆ. ಅಲ್ಲಿಯೂ 'ಹ'.

ಅಣ್ಣನ ಕಾಫಿ ಲೋಟ ಗಾಳಿಯಲ್ಲೇ ನಿಂತಿತು. ಮುಗಿಯಿತು, ಒಂದು ಅಕ್ಷರಕ್ಕಾಗಿ ಮಗಳ ಬಾಳು ಕೆಡಿಸಿದೆ ಅಂದುಕೊಂಡೆ. ಅವರು ನಿಧಾನವಾಗಿ ಮಗನ ಕಡೆ ತಿರುಗಿದರು.

"ಏನ್ಲಾ, ಮೈಸೂರು ಅಂದಿದ್ದೆ?"

"ಮೈಸೂರು ರೋಡೇ ಅಲ್ವೇನಮ್ಮ ಹೊಳೆನರಸೀಪುರ?" ಅಂದ ಹುಡುಗ, ಫ್ಯಾನಿಗೆ.

ಆಕೆ ಬೀರು ನೋಡಿದರು. ನನ್ನನ್ನು ನೋಡಿದರು. ಬೀದಿಯ ಕಡೆಯೂ ಒಮ್ಮೆ ನೋಡಿದರು. ಅಲ್ಲಿ ಯಾರ್ಯಾರಿಗೆ ಏನೇನು ಹೇಳಿದ್ದರೋ. ಆಮೇಲೆ ಮಂಚದ ಮೇಲೆ ಕೂತು, ಗಿಣಿ ಹಸಿರು ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು ಕೇಳಿದರು: "ಮುಂದೆ ಬಣ್ಣ ಓದ್ರೆ?"

"ಸೀರೆ ವಾಪಸ್ ತಗೋತೀನಿ. ಮಗಳ್ನ ಮಾತ್ರ ವಾಪಸ್ ತಗಳಲ್ಲ."

ಆಕೆಯ ಹೊಟ್ಟೆ ಕುಲುಕಿತು. ಆಮೇಲೆ ಭುಜ. ಆಮೇಲೆ ಬಾಯಿ ತೆರೆದು ಬಂದೇಬಿಟ್ಟಿತು, ಗಂಟಲಿನಿಂದ, ಮೇಷ್ಟ್ರು ಹೇಳಿಕೊಟ್ಟ ಹಾಗೆಯೇ: "ಹ! ಹ! ಹ!"

ನಾನೂ ಸೇರಿದೆ. ಅಣ್ಣ ಸೇರಿದ. ಬೀದಿಯವರು ಬಾಗಿಲಿಗೆ ಬಂದು ಇಣುಕಿದರು. ಮಾತಾಡುವಾಗ ಬಾರದ ಹಕಾರ ನಗುವಾಗ ನಮ್ಮ ಕಡೆಯವರಿಗೆಲ್ಲ ಬರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ.