ಮಿಜ್ಲಿಯ ಮನೆಗೆ ಬಂದ ಫೆರೆಟ್ಟು

ಆ ಶನಿವಾರ ಬೆಳಿಗ್ಗೆ ಸಿರಿಲ್ ಮಿಜ್ಲಿಯ ಎಡಗೈ ಹೆಬ್ಬೆರಳಿಗೆ ಒಂದು ಫೆರೆಟ್ಟು ನೇತುಬಿದ್ದಿತ್ತು. ಒಲೆಗೆ ಕಲ್ಲಿದ್ದಲು ತರಲೆಂದು ಹಿತ್ತಿಲ ಕೊಟ್ಟಿಗೆಗೆ ಹೋಗಿ, ಬುಟ್ಟಿಯೊಳಗೆ ನೋಡದೆ ಕೈ ಹಾಕಿದ್ದಷ್ಟೇ ಅವನ ತಪ್ಪು. ಅಲ್ಲಿ ಕಪ್ಪಗೆ ಸುರುಳಿ ಸುತ್ತಿ ಮಲಗಿದ್ದುದು ಕಲ್ಲಿದ್ದಲಲ್ಲ, ಮುಂಗುಸಿಯ ದಾಯಾದಿಯಂತಿದ್ದ ಉದ್ದ ಮೈಯ ಆ ಪ್ರಾಣಿ. ನಿದ್ದೆ ಕೆಡಿಸಿದವನ ಬೆರಳನ್ನು ಅದು ಮನಸ್ಸಿಟ್ಟು ಕಚ್ಚಿತು. ಕೈ ಒದರಿದರೂ ಬಿಡಲಿಲ್ಲ, ಕುಣಿದರೂ ಬಿಡಲಿಲ್ಲ. ಕೊನೆಗೆ ನಲ್ಲಿಯ ತಣ್ಣೀರಿನಡಿ ಹಿಡಿದಾಗ ಮೂತಿ ಸಿಂಡರಿಸಿಕೊಂಡು ಬಿಟ್ಟಿತು.

ಬೇರೆ ಯಾರಾದರೂ ಆಗಿದ್ದರೆ ಬೀದಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುತ್ತಿದ್ದರು. ಸಿರಿಲ್ ಟೋಪಿಯನ್ನು ಬಾಯಿಗೆ ತುರುಕಿಕೊಂಡು ಅತ್ತ ಇತ್ತ ನೋಡಿದ. ಯಾರೂ ನೋಡಲಿಲ್ಲ ಎಂದು ಖಾತ್ರಿಯಾದ ಮೇಲೆ ಅವನ ಮುಖ ನಿಧಾನವಾಗಿ ಅರಳಿತು.

ಅರಳದೆ ಏನು ಮಾಡೀತು? ಯಾರ್ಕ್‌ಷೈರಿನ ಥಾರ್ನ್‌ಬೆಕ್ಕಿನಲ್ಲಿ ಗಂಡಸು ಎನ್ನಿಸಿಕೊಳ್ಳಲು ಮೀಸೆ ಬೇಡ, ಫೆರೆಟ್ಟು ಬೇಕು. ರಜೆಯ ದಿನ ಅದನ್ನು ಮೊಲದ ಬಿಲಕ್ಕೆ ನುಗ್ಗಿಸಿ, ಬಿಲದ ಇನ್ನೊಂದು ಬಾಯಿಗೆ ಬಲೆ ಒಡ್ಡಿ ಕೂರುವವರೇ ಅಲ್ಲಿ ಗಣ್ಯರು. ‘ಕರಿಗೂಳಿ’ ಪಬ್ಬಿನಲ್ಲಿ ಬೆಂಕಿಯ ಪಕ್ಕದ ಉದ್ದ ಬೆಂಚು ಅವರದು. ಫೆರೆಟ್ಟಿಲ್ಲದವನಿಗೆ ಬಾಗಿಲ ಬಳಿಯ ಸ್ಟೂಲು. ಉಣ್ಣೆ ಗಿರಣಿಯ ಗೇಟು ಕಾಯುವ ಸಿರಿಲ್, ಮದುವೆಯಾದ ಲಾಗಾಯ್ತು ಆ ಸ್ಟೂಲಿನ ಮೇಲೇ ಕೂತಿದ್ದ. ಬಾಗಿಲು ತೆರೆದಾಗಲೆಲ್ಲ ಚಳಿಗಾಳಿ ಮೊದಲು ಅವನ ಬೆನ್ನನ್ನು ಮಾತಾಡಿಸಿ ಆಮೇಲೆ ಒಳಗೆ ಹೋಗುತ್ತಿತ್ತು. ಒಂದು ಫೆರೆಟ್ಟು ಕೊಳ್ಳೋಣವೆಂದರೆ ಹೆಂಡತಿ ಮೇವಿಸ್, “ದುಡ್ಡು ಕೊಟ್ಟು ನಾತ ತರೋನ ಜೊತೆ ನಾನು ಸಂಸಾರ ಮಾಡಲ್ಲ” ಎಂದುಬಿಟ್ಟಿದ್ದಳು. ಈಗ ದುಡ್ಡಿಲ್ಲದೆ ನಾತ ತಾನಾಗಿಯೇ ಮನೆಗೆ ಬಂದಿತ್ತು.

ಆದರೆ ಊರಿಗೊಂದು ಕಟ್ಟಳೆಯಿದೆ. ಬೀಡಾಡಿ ಫೆರೆಟ್ಟು ಸಿಕ್ಕಿದವನು ಅದನ್ನು ಊರಿನ ಫೆರೆಟ್ಟು ಸಾಕಿದವರಿಗೆಲ್ಲ ಮನೆಮನೆಗೆ ಹೋಗಿ ತೋರಿಸಬೇಕು. ಯಾರೂ ‘ನಂದು’ ಎನ್ನದಿದ್ದರೆ ಅಂದು ಸಂಜೆ ಪಬ್ಬಿನಲ್ಲಿ ಎಲ್ಲರೆದುರು ಅದಕ್ಕೆ ಹೆಸರಿಟ್ಟು ಒಂದು ಲೋಟ ಬಿಯರು ಕುಡಿಯಬೇಕು. ಕುಡಿದನೋ, ಮುಗಿಯಿತು, ಅದು ಸಾಯುವತನಕ ಅವನದೇ. ಮಾರುವಂತಿಲ್ಲ, ಬಿಡುವಂತಿಲ್ಲ. ಇದಲ್ಲದೆ ಅಲ್ಲಿಯ ಹಿರಿಯರ ಮಾತೊಂದಿದೆ: ಫೆರೆಟ್ಟು ಕಚ್ಚಿದರೆ ತಪ್ಪು ಅದರ ಹಲ್ಲಿನದಲ್ಲ, ಹಿಡಿದವನ ಕೈಯದು. ಕಚ್ಚಿಸಿಕೊಂಡವನು ಬೆಂಚಿನ ಆಸೆ ಬಿಟ್ಟುಬಿಡುವುದೇ ಒಳ್ಳೆಯದು. ಆದ್ದರಿಂದ ಸಿರಿಲ್ ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಮೇಲೆ ಉಣ್ಣೆಯ ಕೈಗವಸು ಎಳೆದುಕೊಂಡ. ಏಪ್ರಿಲ್ ತಿಂಗಳ ಚಳಿಗೆ ಊರೆಲ್ಲ ಕೈಗವಸು ಹಾಕಿತ್ತು. ಯಾರಿಗೂ ಅನುಮಾನ ಬರುವಂತಿರಲಿಲ್ಲ.

“ಏನದು ಕೋಟಿನೊಳಗೆ?” ಎಂದಳು ಮೇವಿಸ್.

“ಅತಿಥಿ.”

“ಅತಿಥಿಗೆ ಬಾಲ ಯಾಕಿದೆ?”

“ಪಾಪ ಕಣೆ, ದಿಕ್ಕಿಲ್ಲದ್ದು. ಹೆಂಗೆ ನಡುಗ್ತಿದೆ ನೋಡು.”

“ಅದು ನಡುಗ್ತಿಲ್ಲ ಸಿರಿಲ್, ನಿನ್ನ ಕೈ ನಡುಗ್ತಿದೆ.”

ಎರಡೂ ನಡುಗುತ್ತಿದ್ದವು. ಅದರ ಪಕ್ಕೆಲುಬುಗಳು ಒಂದೊಂದಾಗಿ ಕೈಗೆ ಸಿಗುತ್ತಿದ್ದವು. ಸಿರಿಲ್ ಅದನ್ನು ತನ್ನ ಟವೆಲಿನಿಂದ ಒರೆಸಿದ, ಕಿವಿಯ ಹಿಂದಿನ ಉಣುಗುಗಳನ್ನು ಬಿಡಿಸಿದ, ಹಾಲಿಗೆ ಮೊಟ್ಟೆ ಕಲಸಿ ಬಟ್ಟಲಲ್ಲಿಟ್ಟ. ಅದು ಹಾಲು ಕುಡಿಯಿತು, ಅವನ ಮಣಿಕಟ್ಟಿಗೆ ಇನ್ನೊಮ್ಮೆ ಹಲ್ಲೂರಿತು, ಮೇವಿಸ್ ಸಂಜೆಗೆಂದು ಇಟ್ಟಿದ್ದ ಹೊಗೆ ಹಾಕಿದ ಮೀನನ್ನು ತಲೆಯಿಂದ ಬಾಲದವರೆಗೆ ಮುಗಿಸಿತು, ಆಮೇಲೆ ಅವಳು ಚರ್ಚಿಗೆ ಹಾಕಿಕೊಂಡು ಹೋಗುವ ಗರಿಯ ಟೋಪಿಯೊಳಗೆ ಹೋಗಿ ಮಲಗಿತು.

“ಸಂಜೆಯೊಳಗೆ ಇದರ ಯಜಮಾನನ್ನ ಹುಡುಕಿ ಕೊಟ್ಟು ಬಾ,” ಎಂದಳು ಮೇವಿಸ್, ತುಟಿ ಬಿಗಿದು. “ಇಲ್ಲಾಂದ್ರೆ ನೀನೂ ಕೊಟ್ಟಿಗೇಲಿ ಮಲಕೋ.”

ಸಿರಿಲ್ ಅದನ್ನು ಬುಟ್ಟಿಗೆ ಹಾಕಿಕೊಂಡು ಹೊರಟ. ಯಜಮಾನ ಸಿಗದೆ ಹೋಗಲಪ್ಪಾ ಎಂದು ದಾರಿಯುದ್ದಕ್ಕೂ ದೇವರಲ್ಲಿ ಬೇಡಿಕೊಂಡ.

ಮೊದಲ ಮನೆ ಅರ್ನೆಸ್ಟ್ ಸಗ್ಡನ್ನನದು. ಆತ ಫೆರೆಟ್ ಸಂಘದ ಅಧ್ಯಕ್ಷ. ಅವನ ಮನೆಯಲ್ಲಿ ಊಟದ ತಟ್ಟೆಗಿಂತ ಬಹುಮಾನದ ಬಟ್ಟಲುಗಳೇ ಹೆಚ್ಚು. ಇಷ್ಟು ವರ್ಷಗಳಲ್ಲಿ ಆತ ಸಿರಿಲ್‌ನೊಡನೆ ಆಡಿದ್ದ ಮಾತು ಒಂದೇ: “ಬಾಗಿಲು ಹಾಕೋ.”

“ಸಗ್ಡನ್ ಅವ್ರೇ, ಒಂದು ಫೆರೆಟ್ಟು ಸಿಕ್ತು...”

“ನಂದಲ್ಲ!” ಎಂದ ಸಗ್ಡನ್, ಬಾಗಿಲ ಸಂದಿನಿಂದ.

“ಇನ್ನೂ ಮುಚ್ಚಳಾನೇ ತೆಗೆದಿಲ್ಲ.”

“ತೆಗೀಬೇಡ! ಅಂದ್ರೆ... ತೆಗಿಯೋದು ಯಾಕೆ ಅಂತೀನಿ. ವಾಸನೇಲೇ ಗೊತ್ತಾಗುತ್ತೆ ಕಣಯ್ಯಾ. ನನ್ನನ್ನ ಸುಮ್ನೆ ಅಧ್ಯಕ್ಷ ಮಾಡಿದ್ದಾರಾ?” ಬಾಗಿಲು ಇನ್ನೊಂದಿಷ್ಟು ತೆರೆಯಿತು. “ಗೂಡಿದೆಯಾ ನಿನ್ನ ಹತ್ರ? ಇಲ್ವಾ? ನಮ್ಮ ಹಿತ್ತಿಲಲ್ಲಿ ಹೊಸದೊಂದಿದೆ, ತಗೊಂಡ್ಹೋಗು. ನಾನೇ ಬಣ್ಣ ಹೊಡೆದದ್ದು. ಚಿಲಕ ಗಟ್ಟಿಯಾಗಿದೆ.”

“ಅಯ್ಯೋ, ನಿಮಗೆ ಬೇಡ್ವಾ?”

“ನಿನ್ನಂಥವನ ಕೈಗೆ ಹೋದ್ರೆ ನನಗೇ ಖುಷಿ ಸಿರಿಲ್. ಪ್ರಾಣಿ ಹಿಡಿಯೋ ಕೈ ಅದು, ನೋಡಿದ್ರೇ ಗೊತ್ತಾಗುತ್ತೆ.”

ಸಿರಿಲ್ ಗೂಡನ್ನು ತಲೆಯ ಮೇಲೆ ಹೊತ್ತು ಬೀದಿಗಿಳಿದಾಗ ಅವನ ಎತ್ತರ ಒಂದು ಗೇಣು ಹೆಚ್ಚಿತ್ತು. ಅದರಲ್ಲಿ ಗೂಡಿನ ಪಾಲು ಕಡಿಮೆ. ಅಧ್ಯಕ್ಷರು ಹೆಸರು ಹಿಡಿದು ಕರೆದಿದ್ದರು!

ಎರಡನೆಯದು ಕಸಾಯಿ ಹಾರ್ಗ್ರೀವ್ಸನ ಅಂಗಡಿ. ಮಾಂಸದ ಜೊತೆ ಕಾಗದವನ್ನೂ ತೂಗುವ ಆಸಾಮಿ ಆತ. ಬುಟ್ಟಿಯ ಮುಚ್ಚಳ ಎತ್ತಿದ್ದೇ ತಡ, ಕಟ್ಟೆಯ ಆಚೆಗೆ ಎರಡು ಹೆಜ್ಜೆ ಹಿಂದೆ ಸರಿದ.

“ಊಹೂಂ. ಈ ಊರಲ್ಲೇ ನೋಡಿಲ್ಲ. ಈ ಜಿಲ್ಲೇಲೇ ನೋಡಿಲ್ಲ ಮಾರಾಯಾ. ಎಷ್ಟು ಸಾಧು! ತಗೋ, ಮೊಲದ ಈಲಿ ಒಯ್ಯಿ. ದುಡ್ಡಾ? ಛೆ ಛೆ, ನಮ್ಮ ಸಂಘದೋರ ಹತ್ರ ದುಡ್ಡು ತಗೋತೀನಾ?”

‘ನಮ್ಮ ಸಂಘದೋರು!’ ಸಿರಿಲ್ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡ. ತನ್ನ ಬಗ್ಗೆ ಊರಿಗೆ ಇಷ್ಟು ಅಭಿಮಾನವಿತ್ತೆಂದು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಬೀದಿಯಲ್ಲಿ ಮನೆಯಿಂದ ಮನೆಗೆ ಅದೇ ಮರ್ಯಾದೆ. ಒಬ್ಬ ಹುಲ್ಲು ಕೊಟ್ಟ, ಒಬ್ಬ ನೀರಿನ ಬೋಗುಣಿ ಕೊಟ್ಟ, ಒಬ್ಬ ಕಿಟಕಿಯಿಂದಲೇ ಆಶೀರ್ವಾದ ಮಾಡಿದ. ಗೂಡನ್ನು ಮನೆಯಲ್ಲಿ ಇಳಿಸಲು ಹೋದಾಗ ಮೇವಿಸ್ ಕೂಡ ಕರಗಿದ್ದಳು. “ಸಗ್ಡನ್ ಹೆಂಡ್ತಿ ತಾನಾಗಿ ಬಂದು ಮಾತಾಡಿಸಿದ್ಲು ಕಣೋ! ‘ನಿಮ್ಮ ಯಜಮಾನ್ರು ಭಾಳ ಧೈರ್ಯಸ್ಥರು’ ಅಂದ್ಲು. ನಿನ್ನನ್ನೇ ಅಂದದ್ದಾ ಅಂತ ಎರಡು ಸಲ ಕೇಳ್ದೆ.”

ಕೊನೆಗೆ ಉಳಿದವರು ಪಾದ್ರಿ ಥ್ರೆಲ್‌ಫಾಲ್. ಅವರೂ ಫೆರೆಟ್ಟು ಸಾಕಿದವರೇ. ಮಧ್ಯಾಹ್ನ ಚರ್ಚಿನ ಅಂಗಳದಲ್ಲಿ ಊರಿನ ಹಿತ್ತಾಳೆ ವಾದ್ಯದವರ ಅಭ್ಯಾಸ ನಡೆದಿತ್ತು. ಅಂಗಡಿ ಮುಚ್ಚಿ ಬಂದ ಹಾರ್ಗ್ರೀವ್ಸ್, ತನ್ನ ಹೊಟ್ಟೆಯಷ್ಟೇ ದೊಡ್ಡ ಕಹಳೆಯನ್ನು ತೊಡೆಯ ಮೇಲಿಟ್ಟುಕೊಂಡು ಉಸಿರು ತೆಗೆದುಕೊಳ್ಳುತ್ತಿದ್ದ. ಪಾದ್ರಿಗಳು ತಾಳ ಹಾಕುತ್ತಿದ್ದರು.

“ಪಾದ್ರಿಗಳೇ, ಇದು ನಿಮ್ಮದೇನೋ ನೋಡಿ,” ಎಂದು ಸಿರಿಲ್ ಬುಟ್ಟಿ ಮುಂದೆ ಹಿಡಿದ. ಬುಟ್ಟಿ ಖಾಲಿಯಾಗಿತ್ತು.

ಅದು ಎಲ್ಲಿ ಹೋಯಿತೆಂದು ಪಾದ್ರಿಗಳ ಮುಖವೇ ಹೇಳಿತು. ಅವರ ಪ್ಯಾಂಟಿನ ಎಡಗಾಲಿನೊಳಗೆ ಒಂದು ಉಬ್ಬು ಮೇಲೇರುತ್ತಿತ್ತು. ಅವರು ನಿಂತಲ್ಲೇ ಕಂಬವಾದರು.

“ಅಯ್ಯೋ ಪಾದ್ರಿಗಳೇ, ಕಚ್ಚಿತಾ?”

“ಇಲ್ಲ ಮಗು... ಇಲ್ಲ... ನನ್ನ ಕೈಗೆ... ಯಾವ ಪ್ರಾಣೀನೂ... ಕಚ್ಚಿದ್ದಿಲ್ಲ.” ಅವರ ಕಣ್ಣಲ್ಲಿ ನೀರು. “ದೇವರ ಸೃಷ್ಟಿ ಎಷ್ಟು... ಎಷ್ಟು... ಹಾಡಿ! ಎಲ್ಲರೂ ಹಾಡಿ!” ಎಂದು ತಾವೇ ಶುರು ಮಾಡಿದರು. ಅಷ್ಟು ಮೇಲಿನ ಸ್ವರ ಆ ಚರ್ಚಿನಲ್ಲಿ ಅದುವರೆಗೆ ಯಾರಿಗೂ ಎಟುಕಿರಲಿಲ್ಲ.

ಆ ಸ್ವರಕ್ಕೆ ಹೆದರಿಯೋ ಏನೋ, ಫೆರೆಟ್ಟು ಬಂದ ದಾರಿಯಲ್ಲೇ ಕೆಳಗಿಳಿದು, ಅಂಗಳ ದಾಟಿ, ಕಣ್ಣಿಗೆ ಬಿದ್ದ ಮೊದಲ ಬಿಲಕ್ಕೆ ನುಗ್ಗಿತು. ಬಿಲ ಹಾರ್ಗ್ರೀವ್ಸನ ಕಹಳೆಯಾಗಿತ್ತು. ಅವನು ಅದನ್ನು ಹುಲ್ಲಿನ ಮೇಲೆ ಒಗೆದು ಸಮಾಧಿಕಲ್ಲಿನ ಮೇಲೆ ಹತ್ತಿ ನಿಂತ.

“ಗೇಟು ಹಾಕಿ! ತಪ್ಪಿಸಿಕೊಂಡು ಹೋಗೋಕೆ ಬಿಡಬೇಡಿ!” ಎಂದು ಸಗ್ಡನ್ ಎಲ್ಲಿಂದಲೋ ಓಡಿ ಬಂದ. ಕ್ಷಣದಲ್ಲಿ ಬೀದಿಗೆ ಬೀದಿಯೇ ಬಲೆ, ಸಲಿಕೆ, ಪೊರಕೆ ಹಿಡಿದು ಚರ್ಚಿನ ಗೋಡೆಯ ಸುತ್ತ ನಿಂತಿತು. ಒಬ್ಬೊಬ್ಬನೂ ತನ್ನ ಮನೆಯ ದಿಕ್ಕನ್ನೇ ಕಾಯುತ್ತಿದ್ದ.

‘ನನಗೋಸ್ಕರ!’ ಎಂದುಕೊಂಡ ಸಿರಿಲ್. ಅವನಿಗೆ ಅಳು ಬರುವಂತಾಯಿತು. ಅವನು ಹುಲ್ಲಿನ ಮೇಲೆ ಬೋರಲು ಮಲಗಿ, ಕಹಳೆಯ ಬಾಯಿಗೆ ಈಲಿಯ ಚೂರು ಹಿಡಿದು, “ಬಾರೇ ನನ್ನಮ್ಮಾ, ಬಾರೇ ಪುಟ್ಟೀ, ಯಾರೂ ಏನೂ ಮಾಡಲ್ಲ,” ಎಂದು ಕರೆದ. ಒಳಗೆ ಗರಗರ ಸದ್ದಾಯಿತು. ಮೂತಿ ಬಂತು, ಮೀಸೆ ಬಂತು, ಕೊನೆಗೆ ಇಡೀ ಮೈ ಹೊರಗೆ ಹರಿದು ಬಂದು, ಈಲಿ ನುಂಗಿ, ನೇರ ಅವನ ಅಂಗಿಯೊಳಗೆ ಹೊಕ್ಕು, ಎದೆಯ ಬಿಸಿಗೆ ಮುದುಡಿಕೊಂಡಿತು. ಕತ್ತಿನ ಬುಡದಲ್ಲಿ ಒಮ್ಮೆ ಕಚ್ಚಿತು ನಿಜ. ಸಿರಿಲ್ ಮುಖದ ಒಂದು ಗೆರೆಯನ್ನೂ ಅಲುಗಿಸಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ಜನರಲ್ಲಿ ಅದು ತನ್ನನ್ನೇ ಹುಡುಕಿಕೊಂಡು ಬಂತು! ಆ ಹೆಮ್ಮೆಯಲ್ಲಿ ಅವನಿಗೆ ನೋವೂ ಸಿಹಿಯಾಗಿತ್ತು.

ಸಂಜೆ ‘ಕರಿಗೂಳಿ’ಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿರಿಲ್ ಅಭ್ಯಾಸಬಲದಿಂದ ಸ್ಟೂಲಿನ ಕಡೆ ತಿರುಗಿದ.

“ಅಲ್ಲಿ ಯಾಕಪ್ಪಾ, ಚಳಿ!” ಎಂದ ಸಗ್ಡನ್, ಬೆಂಚಿನ ನಡುವೆ ಜಾಗ ಸವರುತ್ತ. “ಇಲ್ಲಿ ಬಾ. ಬೆಂಕಿ ಹತ್ರ ಬಾ. ಯಾರಾದ್ರೂ ಆ ಬಾಗಿಲು ಹಾಕ್ರೋ!”

ಬೆನ್ನಿಗೆ ಮೊದಲ ಬಾರಿ ಬೆಂಕಿಯ ಕಾವು ತಗುಲಿತು. ಸಿರಿಲ್ ಎಡಗೈಯ ಕೈಗವಸನ್ನು ಮಾತ್ರ ತೆಗೆಯದೆ ಲೋಟ ಹಿಡಿದು ಎದ್ದು ನಿಂತ. ಕೋಟಿನ ಜೇಬಿನಲ್ಲಿ ಫೆರೆಟ್ಟು ನಿದ್ದೆ ಮಾಡುತ್ತಿತ್ತು.

“ಇದು ಯಾರದಾದ್ರೂ ಇದ್ರೆ ಈಗಲೇ ಹೇಳಿ,” ಎಂದ ಸಗ್ಡನ್, ಕಟ್ಟಳೆಯಂತೆ. ಬೆಂಕಿ ಚಟಪಟ ಎಂದಿತು. ಬೇರೆ ಯಾರೂ ಏನೂ ಅನ್ನಲಿಲ್ಲ. “ಹಾಗಾದ್ರೆ ಹೆಸರು ಹೇಳು ಸಿರಿಲ್.”

“ಹಿಲ್ಡಾ,” ಎಂದ ಸಿರಿಲ್. ಅದು ಮೇವಿಸ್‌ಳ ತಾಯಿಯ ಹೆಸರು. ಇನ್ನು ‘ಹಿಲ್ಡಾನ ಮನೆಯಿಂದ ಆಚೆ ಹಾಕು’ ಎನ್ನಲು ಅವಳಿಗೆ ಬಾಯಿ ಬರಲಾರದು.

“ಹಿಲ್ಡಾಗೆ!” ಎಂದು ಬೆಂಚಿಗೆ ಬೆಂಚೇ ಲೋಟ ಎತ್ತಿತು.

ಬಾಗಿಲ ಬಳಿಯ ಸ್ಟೂಲಿನಿಂದ ಯಾರ ಬೆರಳೂ ಕಾಣುತ್ತಿರಲಿಲ್ಲ. ಇಲ್ಲಿ, ಬೆಂಕಿಯ ಬೆಳಕಿನಲ್ಲಿ, ಸಿರಿಲ್‌ನ ಮೂಗಿನ ಮುಂದೆಯೇ ಕೈಗವಸು ಕಳಚಿದ ಎಲ್ಲರ ಹೆಬ್ಬೆರಳುಗಳೂ ಸಾಲಾಗಿ ಎದ್ದು ನಿಂತಿದ್ದವು. ಸಗ್ಡನ್ನನ ಹೆಬ್ಬೆರಳಲ್ಲಿ ಮೇಲೆರಡು, ಕೆಳಗೆರಡು ಹಲ್ಲಿನ ಗುರುತು. ಹಾರ್ಗ್ರೀವ್ಸನದರಲ್ಲೂ ಅವೇ. ಪಾದ್ರಿಗಳದರಲ್ಲಿ ಇನ್ನೂ ಹಸಿಯಾಗಿದ್ದವು. ಹುಲ್ಲು ಕೊಟ್ಟವನು, ಬೋಗುಣಿ ಕೊಟ್ಟವನು, ಆಶೀರ್ವಾದ ಮಾಡಿದವನು, ಯಾರೂ ಬಾಕಿಯಿರಲಿಲ್ಲ.

ಸಿರಿಲ್‌ನ ಲೋಟ ತುಟಿಯ ಬಳಿ ನಿಂತುಬಿಟ್ಟಿತು. ಈ ಬೀಡಾಡಿ ಯಾರದೂ ಅಲ್ಲವೆಂದಲ್ಲ, ಎಲ್ಲರದೂ ಆಗಿತ್ತು! ಒಬ್ಬೊಬ್ಬನೂ ಅದನ್ನು ತನ್ನ ಕೊಟ್ಟಿಗೆಯಲ್ಲಿ ಕಂಡು, ಎತ್ತಿಕೊಂಡು, ಕಚ್ಚಿಸಿಕೊಂಡು, ಮರುದಿನ ಬೆಳಗಾಗುವ ಮೊದಲು ಗುಟ್ಟಾಗಿ ಪಕ್ಕದವನ ಕೊಟ್ಟಿಗೆಗೆ ದಾಟಿಸಿದ್ದ. ಅದು ಕಚ್ಚುತ್ತದೆ ಎಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರೆ ಕಚ್ಚಿಸಿಕೊಂಡದ್ದನ್ನು ಒಪ್ಪಿಕೊಂಡಂತೆ. ಅದನ್ನು ಹೊತ್ತು ಮನೆಮನೆ ತಿರುಗಿ, ಹಗಲು ಹೊತ್ತಿನಲ್ಲಿ ಹೆಸರಿಡಲು ಹೊರಟ ಮೊದಲ ಮಹಾನುಭಾವ ತಾನೇ.

ಬೆಂಚು ಉಸಿರು ಬಿಗಿಹಿಡಿದಿತ್ತು. ತಾಳಿ ಕಟ್ಟುವ ಗಳಿಗೆಯಲ್ಲಿ ಗಂಡು ಎದ್ದು ಹೋಗಿಬಿಟ್ಟರೆ ಎಂದು ಹೆಣ್ಣಿನ ಕಡೆಯವರು ನೋಡುವಂತೆ ಎಲ್ಲರೂ ಅವನ ಲೋಟವನ್ನೇ ನೋಡುತ್ತಿದ್ದರು. ಅವನು ಇನ್ನೂ ಕುಡಿದಿರಲಿಲ್ಲ. ಲೋಟ ಕೆಳಗಿಟ್ಟು, “ನಿಮ್ಮ ಹೆಬ್ಬೆರಳು ತೋರಿಸ್ರಯ್ಯಾ!” ಎನ್ನಬಹುದಿತ್ತು. ಆಗ ಅವರೂ, “ಮೊದಲು ನಿನ್ನ ಕೈಗವಸು ತೆಗಿ” ಎನ್ನುತ್ತಿದ್ದರು. ಆಮೇಲೆ ಮತ್ತೆ ಆ ಸ್ಟೂಲು, ಮತ್ತೆ ಆ ಗಾಳಿ.

ಜೇಬಿನಲ್ಲಿ ಹಿಲ್ಡಾ ಹೊರಳಿ ಮಲಗಿದಳು. ಊರೆಲ್ಲ ದಾಟಿ ದಾಟಿ ಸೋತ ಆ ಪುಟ್ಟ ಜೀವ ಇವತ್ತು ಎಲ್ಲಾದರೂ ನೆಮ್ಮದಿಯಾಗಿ ಮಲಗಿದ್ದರೆ ಅದು ತನ್ನ ಕೋಟಿನಲ್ಲೇ ಎಂದು ಸಿರಿಲ್‌ಗೆ ಅನ್ನಿಸಿತು. ಅವನು ಎದೆ ಸೆಟೆಸಿ, ಲೋಟವೆತ್ತಿ, ಗಟಗಟನೆ ತಳದವರೆಗೆ ಕುಡಿದ.

ಹೋ ಎಂದು ಪಬ್ಬು ಕುಣಿದೆದ್ದಿತು. ಸಗ್ಡನ್ ತಬ್ಬಿಕೊಂಡ. ಪಾದ್ರಿಗಳು ಮೇಲೆ ನೋಡಿ ಕೈ ಮುಗಿದರು. ಹಾರ್ಗ್ರೀವ್ಸ್ ಎಲ್ಲರಿಗೂ ತನ್ನ ಲೆಕ್ಕದಲ್ಲಿ ಇನ್ನೊಂದು ಸುತ್ತು ಹೇಳಿದ.

“ಮುದ್ದಾಗಿದೆ ಕಣಪ್ಪಾ,” ಎಂದಳು ಪಬ್ಬಿನ ಒಡತಿ, ಜೇಬಿನತ್ತ ಬಗ್ಗಿ. “ಕಚ್ಚುತ್ತಾ?”

ಅವಳಿಗೆ ಚೆನ್ನಾಗಿ ಕಾಣಲಿ ಎಂದು ಸಿರಿಲ್ ಅಷ್ಟರಲ್ಲಿ ತನ್ನ ಬರಿಯ ಬಲಗೈಯನ್ನು ಜೇಬಿಗೆ ಹಾಕಿದ್ದ. ಅವನ ಕಣ್ಣುಗಳು ತಟ್ಟನೆ ಅಗಲವಾದವು. ಬೆಂಚಿನ ಮೇಲೆ ಎಲ್ಲರೂ ತಂತಮ್ಮ ಲೋಟದೊಳಗೆ ನೋಡತೊಡಗಿದರು.

“ನಮ್ಮ ಹಿಲ್ಡಾನಾ?” ಎಂದ ಸಿರಿಲ್, ಒಂದೊಂದು ಅಕ್ಷರವನ್ನೂ ಹಲ್ಲಿನ ನಡುವಿನಿಂದ ದಾಟಿಸುತ್ತ. “ಹೂವು ಕಣಮ್ಮಾ, ಹೂವು.”

ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಸಂಘಕ್ಕೆ ಸೇರಿದ ಸಂತೋಷ ಎಂದರೆ ಹೀಗಿರಬೇಕು ಎಂದು ಒಡತಿ ತನ್ನ ಗಂಡನಿಗೆ ಹೇಳಿದಳು.