ದೇವರ ಕೋಣೆಗೆ ತಾಗದ ಗೋಡೆ

ಗೋಡೆ ಕಟ್ಟಿಸುವುದರಲ್ಲಿ ಏನು ಮಹಾ ವಿದ್ಯೆ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟರೆ ಗೋಡೆ. ಅದಕ್ಕೊಂದು ಕಮೋಡು ಬಿಗಿದರೆ ಬಾತ್‌ರೂಮು. ಬಾತ್‌ರೂಮು ಆದರೆ ಪದ್ಮಾ ಮನೆಗೆ ಬರುತ್ತಾಳೆ.

ಪದ್ಮಾ ನನ್ನ ಹೆಂಡತಿ. ಮೊಣಕಾಲಿನ ಆಪರೇಷನ್ ಆದ ಮೇಲೆ ರಾಯಚೂರಿನಲ್ಲಿ ತಂಗಿಯ ಮನೆಯಲ್ಲೇ ಉಳಿದಿದ್ದಳು. ಮಾನ್ವಿಯ ನಮ್ಮ ಮನೆಯದು ಕುಕ್ಕರಗಾಲಿನಲ್ಲಿ ಕೂಡುವ ಸಂಡಾಸು. ಅದು ಇನ್ನು ಅವಳಿಂದಾಗದು. ನನಗೋ ಮನೆ ಬಿಕೋ ಎನ್ನುತ್ತಿತ್ತು. ಬೆಳಿಗ್ಗೆ ಮಾಡಿದ ಸಾರನ್ನೇ ಸಂಜೆಯೂ ಉಣ್ಣುತ್ತಿದ್ದೆ. ಉಪ್ಪು ಹೆಚ್ಚಾಗಿದೆ ಎಂದು ಬೈಯಲೂ ಯಾರೂ ಇರಲಿಲ್ಲ.

ಹಳೆಯದನ್ನು ಕೆಡವಿಸಿದೆ. ಗೋಡೆಗೆ ನೇತುಹಾಕುವ ಕಮೋಡು ತಂದೆ. ಕೆಳಗೆಲ್ಲ ನೀರು ಸುರುವಿ ತೊಳೆಯಬಹುದು, ಮಡಿ ಮನೆತನಕ್ಕೆ ಹೇಳಿ ಮಾಡಿಸಿದ್ದು. ಆದರೆ ಅದನ್ನು ನೇತುಹಾಕಬೇಕಾದ ಗೋಡೆ ಸಾಕ್ಷಾತ್ ದೇವರ ಕೋಣೆಯದು.

“ಒಂಬತ್ತಿಂಚಿನ ಗ್ವಾಡಿ ಐತ್ರಿ ಆಚಾರ್ರ. ಇದಕ್ಕ ಬಿಗಿದ್ರ ಆನಿ ಕುಂತ್ರೂ ಅಳ್ಳಾಡಂಗಿಲ್ಲ” ಎಂದ ಗೌಂಡಿ ಹುಸೇನಪ್ಪ.

“ಹರಿ ಹರಿ. ಆ ಕಡಿ ಸಾಲಿಗ್ರಾಮ, ಈ ಕಡಿ ಕಮೋಡೇನೋ? ಮುಂದ ಬ್ಯಾರೆ ಗ್ವಾಡಿ ಏಳಿಸು. ಒಂದಕ್ಕೊಂದು ತಾಗಬಾರ್ದು.”

“ಹಂಗಾರ ಜಾಗ ಸಾಲಂಗಿಲ್ರಿ. ನಾಕೂವರೆ ಇಂಚಿಂದು ಕಟ್ಟಬೇಕು.”

“ತಡೀತದೇನು?”

“ನಾ ಕಟ್ಟಿದ್ದು ಇನ್ನೂತನಕ ಒಂದೂ ಬಿದ್ದಿಲ್ರಿ.”

ಇಬ್ಬರು ತಜ್ಞರ ಸಭೆ ಅಲ್ಲಿಗೆ ಮುಕ್ತಾಯವಾಯಿತು. ಗೋಡೆ ಎದ್ದಿತು. ಎರಡು ಗೋಡೆಗಳ ನಡುವೆ ನಾನೇ ಅಂಗೈ ತೂರಿಸಿ ನೋಡಿದೆ. ಮಡಿಗೆ ಮೋಸವಿರಲಿಲ್ಲ. ದಿನವೂ ಸಂಜೆ ಪದ್ಮಾಗೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದೆ: ಇವತ್ತು ಪ್ಲಾಸ್ಟರ್, ನಾಳೆ ಟೈಲ್ಸು. ಅವಳು ಬರೀ “ಹೂಂ” ಎನ್ನುತ್ತಿದ್ದಳು.

ಎಲ್ಲ ಮುಗಿದ ದಿನ ಪರೀಕ್ಷಾರ್ಥವಾಗಿ, ಧೋತರ ಸಮೇತ, ನಾನೇ ಆಸೀನನಾದೆ. ಸುಖವಾಗಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಏನೋ ಕರಕರ ಎಂದಿತು. ಎಷ್ಟೋ ದಿನಗಳ ಮೇಲೆ ನನ್ನ ಹೆಗಲ ಮೇಲೆ ಯಾರೋ ಕೈ ಇಟ್ಟಂತಾಯಿತು. ತಿರುಗಿ ನೋಡಿದರೆ ಗೋಡೆ!

ಬಾಗಿಲಲ್ಲೇ ನಿಂತಿದ್ದ ಹುಸೇನಪ್ಪ ರಟ್ಟೆ ಹಿಡಿದು ಎಳೆಯದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಕಮೋಡು, ಟೈಲ್ಸು, ಅರ್ಧ ಗೋಡೆ ನಾನು ಕೂತಲ್ಲೇ ರಾಶಿಯಾದವು. ಮುರಿದ ಪೈಪಿನ ನೀರು ದೇವರ ಕೋಣೆಯ ಗೋಡೆಗೆ ಅಭಿಷೇಕ ಮಾಡತೊಡಗಿತು.

“ಒಂದೂ ಬಿದ್ದಿಲ್ಲ ಅಂದಿದ್ಯಲ್ಲೋ?”

“ಕಮೋಡ್ ನೇತುಹಾಕಿದ್ದು ಇದ ಮೊದಲ್ರಿ.”

ಸಂಜೆ ಫೋನು ಮಾಡಿದೆ. ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ ಪದ್ಮಾ ಬಹಳ ಹೊತ್ತು ನಕ್ಕಳು. ಆಮೇಲೆ ಮೆತ್ತಗೆ ಹೇಳಿದಳು: “ಮೆಡಿಕಲ್ ಅಂಗಡ್ಯಾಗ ಕಮೋಡ್ ಕುರ್ಚಿ ಸಿಗ್ತಾವ. ಹಳೀದರ ಮ್ಯಾಲ ಒಂದ್ ಇಟ್ಟಿದ್ರ ಎಂದೋ ಬರ್ತಿದ್ದೆ.”

“ಮತ್ತ ಹೇಳ್ಬೇಕಿಲ್ಲೇನು?”

“ದಿನಾ ಗ್ವಾಡಿ ಸುದ್ದಿನೇ ಹೇಳಿದ್ರಿ. ಬಾ ಅಂತ ಒಮ್ಮೆನೂ ಅನ್ಲಿಲ್ಲ.”

“ನೀ ಇಲ್ದ ಈ ಮನ್ಯಾಗ ಇರ್ಲಿಕ್ಕೆ ಆಗವಲ್ದು. ಬಾ” ಎಂದೆ.

“ಈಗೆಲ್ಲಿಗೆ ಬರ್ಲಿರೀ? ಇದ್ದದ್ದೂ ಕೆಡವಿಕೊಂಡು ಕೂತೀರಿ.”

ಅದೂ ನಿಜವೇ. ಬೆಳಗಾದರೆ ನಾನೇ ಚಂಬು ಹಿಡಿದು ಪಕ್ಕದ ಮನೆಯ ಬಾಗಿಲು ಬಡಿಯುವವನು. ಹೆಂಡತಿಯನ್ನು ಯಾವ ಬಾಯಿಂದ ಕರೆಯಲಿ?