ನಾಲ್ಕು ಸಲ ಹಚ್ಚಿದ ಮೇಣ

ನಮ್ಮ ಮನೆಯಲ್ಲಿ ಹನ್ನೊಂದು ದಿನದಿಂದ ಯಾರೂ ಮೇಜಿನ ಮೇಲೆ ಊಟ ಮಾಡಿರಲಿಲ್ಲ. ಯಾರೂ ಅಂದರೆ ನಾವಿಬ್ಬರೇ, ನಾನು ಮತ್ತು ನಮ್ಮ ಯಜಮಾನರು. ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ಯಾಕೆಂದರೆ ಊಟದ ಮೇಜಿನ ಮೇಲೆ ಕಾರಿನ ಡ್ಯಾಶ್‌ಬೋರ್ಡು ಮಲಗಿತ್ತು.

ಡ್ಯಾಶ್‌ಬೋರ್ಡು ಅಂದರೆ (ಅದು ಮೇಜಿಗೆ ಬರುವವರೆಗೆ ನನಗೂ ಆ ಹೆಸರು ಗೊತ್ತಿರಲಿಲ್ಲ) ಮುಂದೆ ಕೂತವರ ಮೊಣಕಾಲಿನ ಎದುರಿಗೆ, ಗಾಜಿನ ಕೆಳಗೆ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಇರುತ್ತದಲ್ಲ, ಅದು. ಕಾರಿನೊಳಗೆ ಇದ್ದಾಗ ಅದೊಂದು ಇದೆ ಅಂತಲೂ ಅನ್ನಿಸುವುದಿಲ್ಲ. ಬಿಚ್ಚಿ ತಂದು ಮೇಜಿನ ಮೇಲಿಟ್ಟರೆ, ಎರಡೂ ಕಡೆ ಕೈಕಾಲು ಚಾಚಿ, ಹಾಸಿಗೆ ಸಾಲದ ನೆಂಟನ ಹಾಗೆ ಬಿದ್ದುಕೊಳ್ಳುತ್ತದೆ.

ನಮ್ಮ ಕಾರಿಗೆ ಮೂವತ್ತೊಂದು ವರ್ಷ. ಬಿಸಿಲಿಗೆ ಅದರ ಡ್ಯಾಶ್‌ಬೋರ್ಡು ಹಿಮ್ಮಡಿಯ ಹಾಗೆ ಒಡೆದು ಬಿರುಕುಬಿಟ್ಟಿತ್ತು. ಅಂಥದ್ದು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇದನ್ನೇ ನೆಪ ಮಾಡಿಕೊಂಡು ಮಗಳು ಶುರು ಮಾಡಿದಳು.

"ಅಪ್ಪಾ, ಕಾರು ಸಾಕು. ನಿಂಗೆ ಮರೆವು ಜಾಸ್ತಿಯಾಗಿದೆ. ಮೊನ್ನೆ ಗ್ಯಾಸ್ ಆರಿಸೋದು ಮರೆತೆ. ನಾಳೆ ಬ್ರೇಕ್ ಮರೆತ್ರೆ?"

"ಬ್ರೇಕ್ ಇರೋದು ಕಾಲಲ್ಲಿ ಕಣೇ, ತಲೇಲಲ್ಲ."

"ಅದೇ ನಂಗೆ ಭಯ!"

ಅಳಿಯ ಸಮಾಧಾನದ ಮನುಷ್ಯ. ಅತ್ತ ಹೆಂಡತಿಯನ್ನೂ ಇತ್ತ ಮಾವನನ್ನೂ ನೋಡಿ, "ಮಾವ, ಹೀಗೆ ಮಾಡಿ. ಹೊಸ ಡ್ಯಾಶ್‌ಬೋರ್ಡು ನೀವೇ ಮಾಡಿ ತೋರಿಸಿ. ಒಂದು ಹೆಜ್ಜೇನೂ ಮರೀದೆ ಮಾಡಿದ್ರೆ ಕೀ ನಿಮ್ಮ ಹತ್ರಾನೇ ಇರ್ಲಿ. ಮರೆತ್ರೆ ಕೀ ನಮಗೆ ಕೊಟ್ಬಿಡಿ" ಅಂದ. ಅವನು ಹೇಳಿದ್ದು ಅರ್ಧ ತಮಾಷೆಗೆ. ಇವರು ತೆಗೆದುಕೊಂಡದ್ದು ಪೂರ್ತಿ ನಿಜವಾಗಿ.

ನಿಜ ಹೇಳಬೇಕೆಂದರೆ ಕಾರು ಹೋದರೆ ಕಷ್ಟ ನನಗೇ. ಗುರುವಾರಕ್ಕೊಮ್ಮೆ ಊರಿನ ಆ ತುದಿಯಲ್ಲಿರುವ ಅಕ್ಕನನ್ನು ನೋಡಿ ಬರುತ್ತೇನೆ. ಬಸ್ಸಿನ ಮೆಟ್ಟಿಲು ಕಟ್ಟಿದವನಿಗೆ ಮೊಣಕಾಲು ನೋವು ಅಂದರೇನು ಅಂತ ಗೊತ್ತಿದ್ದ ಹಾಗಿಲ್ಲ.

ಮರುದಿನವೇ ಯಜಮಾನರು ಫೈಬರ್ ಮೇಸ್ತ್ರಿಯನ್ನು ಕರೆದುಕೊಂಡು ಬಂದರು. ನೀರಿನ ಟ್ಯಾಂಕು, ಶಾಲೆಗಳ ಜಾರುಬಂಡೆ, ಅಂಗಡಿ ಮುಂದಿನ ದೊಡ್ಡ ಹಲ್ಲು (ಹಲ್ಲಿನ ಡಾಕ್ಟರರದ್ದು) ಎಲ್ಲವನ್ನೂ ಮಾಡಿದ ಕೈ. ಅವರು ಒಂದು ಗಂಟೆ ಪಾಠ ಹೇಳಿದರು. ನಾನು ಬಟಾಣಿ ಸುಲಿಯುತ್ತಾ ಕೇಳಿಸಿಕೊಂಡೆ. ಓದಿದ್ದು ಕಡಿಮೆಯಾದರೂ ಕೇಳಿಸಿಕೊಳ್ಳುವುದರಲ್ಲಿ ನನ್ನನ್ನು ಹಿಂದೆ ಹಾಕುವವರು ಕಡಿಮೆ.

"ಹಳೇದಕ್ಕೆ ಪುಟ್ಟಿ ಹಾಕಿ, ಉಜ್ಜಿ, ನಿಮಗೆ ಬೇಕಾದ ಆಕಾರಕ್ಕೆ ತನ್ನಿ ಯಜಮಾನ್ರೇ. ಅದರ ಮೇಲೆ ಗಾಜಿನ ನಾರಿನ ಚಾಪೆ ಹಾಸಿ ರೆಸಿನ್ ಬಳೀಬೇಕು. ಜೇನುತುಪ್ಪದ ಹಾಗಿರುತ್ತೆ, ಒಣಗಿದ್ರೆ ಕಲ್ಲು. ಆ ಚಿಪ್ಪನ್ನ ಎತ್ತಿದ್ರೆ ಅಚ್ಚು ಸಿದ್ಧ. ಅಚ್ಚಿನೊಳಗೆ ಮತ್ತೆ ಚಾಪೆ, ಮತ್ತೆ ರೆಸಿನ್. ಆಗ ಹುಟ್ಟೋದು ನಿಮ್ಮ ಹೊಸ ಡ್ಯಾಶ್‌ಬೋರ್ಡು."

ನಡುವೆ ಹಾಲು ಉಕ್ಕಿತೆಂದು ಎದ್ದು ಹೋಗಿ ಬಂದೆ. ಉಳಿದದ್ದೆಲ್ಲ ಒಂದಕ್ಷರ ಬಿಡದೆ ಕೇಳಿದ್ದೇನೆ.

ಆಮೇಲೆ ನಮ್ಮ ಊಟದ ಕೋಣೆಯಲ್ಲಿ ಕಾರ್ಖಾನೆ ಉದ್ಘಾಟನೆಯಾಯಿತು. ಯಜಮಾನರು ಹಳೆಯ ಡ್ಯಾಶ್‌ಬೋರ್ಡಿಗೆ ಪ್ಲೈವುಡ್ಡಿನ ತುಂಡು ಅಂಟಿಸಿದರು, ಪುಟ್ಟಿ ಮೆತ್ತಿದರು. ಕನ್ನಡಕ ಇಡಲು ಒಂದು ಗುಳಿ, ಲೋಟ ನಿಲ್ಲಿಸಲು ಒಂದು ಗುಂಡಿ, ಕೊಡೆಗೆ ಒಂದು ಕಾಲುವೆ.

"ನಿಂಗೇನು ಬೇಕು ಹೇಳು, ಅದನ್ನೂ ಮಾಡ್ತೀನಿ" ಅಂದರು, ವರ ಕೊಡುವವರ ಹಾಗೆ.

"ನನ್ನ ಕಡೆ ಒಂದು ಹಿಡಿ ಮಾಡಿ, ಗಟ್ಟಿಯಾಗಿ ಹಿಡ್ಕೊಳ್ಳೋದಕ್ಕೆ."

"ಯಾಕೆ?"

"ನೀವು ಓಡಿಸ್ತೀರಲ್ಲ."

ಅರ್ಧ ದಿನ ಮಾತು ಬಿಟ್ಟರು. ಆದರೂ ಹಿಡಿ ಮಾಡಿದರು, ಅದು ಬೇರೆ ಮಾತು.

ಎಂಟು ದಿನ ಉಜ್ಜಿದರು. ಬಿಳಿ ಪುಡಿ ಮನೆಯೆಲ್ಲ ಹಾರಿತು. ನಮ್ಮಿಬ್ಬರ ತಲೆ ಮೊದಲೇ ಬಿಳಿಯಾದ್ದರಿಂದ ಅಲ್ಲಿ ಕಾಣಲಿಲ್ಲ. ಉಳಿದ ಕಡೆಯೆಲ್ಲ ನಾನು ಬಟ್ಟೆ ಹಿಡಿದು ಅವರ ಹಿಂದೆಯೇ ಸುತ್ತಿದೆ. ಒಂದೊಂದು ಹೆಜ್ಜೆ ಮುಗಿದ ಕೂಡಲೇ ಗೋಡೆಯ ಕ್ಯಾಲೆಂಡರಿನ ಮೇಲೆ ಒಂದೊಂದು ಗೀಟು ಎಳೆಯುತ್ತಿದ್ದರು, ಪರೀಕ್ಷೆಗೆ ಕೂತ ಹುಡುಗನ ಹಾಗೆ. ಎಪ್ಪತ್ತಮೂರರ ಮನುಷ್ಯ ಅಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ.

ಒಂಬತ್ತನೆಯ ದಿನ ಅದೇನೋ ಡಬ್ಬಿ ಹಿಡಿದುಕೊಂಡು ಬೆಳಗಿನಿಂದ ಸಂಜೆಯವರೆಗೆ ಬಾಗಿಲು ಮುಚ್ಚಿಕೊಂಡು ಕೂತರು. ಮರುದಿನ ಬೆಳಿಗ್ಗೆ ಕ್ಷೌರಕ್ಕೆ ಹೋದರು. ನಾನು ಕೋಣೆಗೆ ಹೋಗಿ ಡ್ಯಾಶ್‌ಬೋರ್ಡು ಮುಟ್ಟಿ ನೋಡಿದೆ. ಅಯ್ಯೋ, ಜಿಡ್ಡೇ ಜಿಡ್ಡು! ಬೆರಳು ನಿಲ್ಲದೆ ಜಾರುತ್ತಿತ್ತು. ಊಟದ ಮೇಜಿನ ಮೇಲೆ ಅಂಥದ್ದನ್ನು ಇಟ್ಟುಕೊಂಡು ಸುಮ್ಮನಿರುವ ಹೆಂಗಸು ನಾನಲ್ಲ. ಬಿಸಿನೀರಿಗೆ ಸೋಡಾ ಪುಡಿ ಕದಡಿ ಎರಡು ಸಲ ತಿಕ್ಕಿದೆ. ಹೋಗಲಿಲ್ಲ. ಕೊನೆಗೆ ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಮೂಲೆ ಮೂಲೆಯನ್ನೂ, ಲೋಟದ ಗುಂಡಿಯನ್ನೂ ಒರೆಸಿ, ಒಣಬಟ್ಟೆಯಲ್ಲಿ ಹೊಳಪು ಬರಿಸಿದೆ. ಮೊಣಕಾಲು ನೋವಿನಲ್ಲೂ ಇಷ್ಟೊಂದು ಉಪಕಾರ ಮಾಡಿದೆನಲ್ಲ ಎಂದು ನನಗೆ ನಾನೇ ಒಂದು ಲೋಟ ಕಾಫಿ ಮಾಡಿಕೊಂಡೆ.

ಯಜಮಾನರು ಬಂದು ನೋಡಿದವರೇ, "ಆಹಾ! ಹೊಳಪು ನೋಡು! ಇದು ಕಣೇ ಕೆಲಸ ಅಂದ್ರೆ!" ಅಂದರು. ಹೊಗಳಿಕೆ ನನಗೆ ಅಂದುಕೊಂಡು ನಾನು ತಲೆ ತಗ್ಗಿಸಿ ನಕ್ಕೆ. ಅವರೂ ನಕ್ಕರು. ಒಂದೇ ಡ್ಯಾಶ್‌ಬೋರ್ಡು ನೋಡಿಕೊಂಡು ಗಂಡಹೆಂಡತಿ ಬೇರೆಬೇರೆ ಕಾರಣಕ್ಕೆ ಹಿಗ್ಗಿದೆವು. ಸಂಸಾರದಲ್ಲಿ ಇದು ಹೊಸದೇನಲ್ಲ.

ಅಂದೇ ಮಧ್ಯಾಹ್ನ ಮೇಜು ಸಮೇತ ಅಂಗಳಕ್ಕೆ ಹೊರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಚಾಪೆ ಹಾಸಿ ರೆಸಿನ್ ಬಳಿದರು. ಮರುದಿನ ಭಾನುವಾರ, ಹನ್ನೊಂದನೆಯ ದಿನ. ಮಗಳು, ಅಳಿಯ, ಮೇಸ್ತ್ರಿ ಎಲ್ಲ ಅಚ್ಚು ಎತ್ತುವ ಸಮಾರಂಭಕ್ಕೆ ಬಂದರು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು.

ಮೇಸ್ತ್ರಿ ಅಂಚಿಗೆ ಮರದ ಬೆಣೆ ಇಟ್ಟು ಮೆಲ್ಲಗೆ ತಟ್ಟಿದರು. ಏನೂ ಆಗಲಿಲ್ಲ. ಜೋರಾಗಿ ತಟ್ಟಿದರು. ಬೆಣೆ ಮುರಿಯಿತು. ಸಂದಿಗೆ ನೀರು ಹುಯ್ದರು. ನೀರು ಒಳಗೆ ಹೋಗುವುದಕ್ಕೆ ಸಂದಿಯೇ ಇರಲಿಲ್ಲ. ಅಳಿಯ ಒಂದು ಕಡೆ, ಮೇಸ್ತ್ರಿ ಒಂದು ಕಡೆ ಹಿಡಿದು ಎಳೆದರು. ಡ್ಯಾಶ್‌ಬೋರ್ಡು, ಚಿಪ್ಪು, ಮೇಜು ಮೂರೂ ಒಟ್ಟಿಗೆ ಮೇಲೆದ್ದವು.

ಮೇಸ್ತ್ರಿ ಬೆವರು ಒರೆಸಿಕೊಂಡು ಕೇಳಿದರು. "ಯಜಮಾನ್ರೇ, ಮೇಣ ಹಚ್ಚಿದ್ರಾ?"

"ಹಚ್ಚಿದೆ. ನಾಲ್ಕು ಸಲ."

"ಹಚ್ಚಿದ್ರೆ ಹೀಗೆ ಕಚ್ಕೊಳ್ಳಲ್ಲ. ಅಚ್ಚು ಬಿಡ್ಲಿ ಅಂತಾನೇ ಅಲ್ವಾ ಮೇಣ? ಅವತ್ತೇ ಹೇಳಿದ್ದೆ. ಅಮ್ಮ ಹಾಲಿಳಿಸೋಕೆ ಹೋದಾಗ."

ನಲವತ್ತೇಳು ವರ್ಷ ಪಾತ್ರೆಗೆ ಜಿಡ್ಡು ಸವರಿ ಅಡುಗೆ ಮಾಡಿದವಳಿಗೆ ಜಿಡ್ಡು ಯಾಕೆ ಅಂತ ಹೊಳೆಯಬೇಡವೇ?

"ಕ್ಯಾಲೆಂಡರ್ ನೋಡಿ, ಶುಕ್ರವಾರ ನಾಲ್ಕು ಗೀಟಿದೆ" ಅಂದರು ಇವರು.

ಮಗಳ ದನಿ ಮೆತ್ತಗಾಗಿತ್ತು. ಜಗಳವಾಡುವಾಗಿನ ದನಿಯೇ ಎಷ್ಟೋ ವಾಸಿ. "ಅಪ್ಪಾ, ಗೀಟೆಳೆದಿದ್ದೀಯ. ಮೇಣ ಹಚ್ಚೋದು ಮರೆತಿರ್ತೀಯ."

"ಇಲ್ಲಮ್ಮ, ಹಚ್ಚಿದೆ. ಹಚ್ಚಿದ್ದು ನೆನಪಿದೆ..." ಇವರು ತಮ್ಮ ಕೈಗಳನ್ನೇ ತಿರುಗಿಸಿ ನೋಡಿಕೊಂಡರು. "ಹಚ್ಚಿದ್ನಲ್ವಾ?"

ಅವರು ಜೇಬಿನಿಂದ ಕೀ ತೆಗೆದು ಮಗಳ ಕೈಯಲ್ಲಿಟ್ಟರು. "ನೀನು ಹೇಳೋದು ಸರಿ. ಮಾಡದೇ ಇದ್ದದ್ದು ಮಾಡಿದ ಹಾಗೆ ನೆನಪಾಗ್ತಾ ಇದ್ರೆ, ಅಂಥವನು ಕಾರು ಓಡಿಸಬಾರದು."

ಈ ಮನೆಯಲ್ಲಿ ಇಷ್ಟು ವರ್ಷ ತಪ್ಪು ಮಾಡುವ ಖಾತೆ ಅವರದು, ಸರಿ ಮಾಡುವ ಖಾತೆ ನನ್ನದು. ಆ ಹೆಸರನ್ನು ಕಳೆದುಕೊಳ್ಳುವುದು ನನಗೆ ಸುಲಭವಾಗಿರಲಿಲ್ಲ. ಅವರ ಮುಖ ನೋಡಿದೆ.

"ನಾನು ಒರೆಸಿದೆ" ಅಂದೆ.

"ಏನು ಒರೆಸಿದೆ?"

"ಮೇಣ. ಜಿಡ್ಡು ಅಂದ್ಕೊಂಡು. ಸೋಡಾ ಹಾಕಿ."

"ಪೂರ್ತಿ ಹೋಗಲ್ವಲ್ಲಮ್ಮ ಸೋಡಾದಲ್ಲಿ?" ಅಂದರು ಮೇಸ್ತ್ರಿ, ವೃತ್ತಿಯ ಕುತೂಹಲದಿಂದ.

"ಆಮೇಲೆ ಸೀಮೆಎಣ್ಣೆ."

ಮೇಸ್ತ್ರಿ ಗೌರವದಿಂದ ತಲೆ ಅಲ್ಲಾಡಿಸಿದರು. ಯಜಮಾನರು ಬೈಯುತ್ತಾರೆ ಅಂತ ಕಾದೆ. ಅವರು ಮಗಳ ಕೈಯಿಂದ ಕೀ ಕಿತ್ತುಕೊಂಡು, "ನಾಲ್ಕು ಸಲ! ನಾಲ್ಕಕ್ಕೆ ನಾಲ್ಕೂ ಸಲ ಹಚ್ಚಿದ್ದೆ!" ಅಂತ ಮೇಜಿನ ಸುತ್ತ ಒಂದು ಸುತ್ತು ಬಂದರು. ಹತ್ತು ವರ್ಷ ಇಳಿದುಹೋದ ಹಾಗೆ ಕಂಡರು.

ಮೇಸ್ತ್ರಿ ಮೇಜಿನಿಂದ ಕೊಯ್ದು ಬಿಡಿಸಿ, ಹಳೆಯದಕ್ಕೆ ಕಚ್ಚಿಕೊಂಡಿದ್ದ ಆ ಚಿಪ್ಪನ್ನೇ ಉಜ್ಜಿ, ಬಣ್ಣ ಹೊಡೆದು, ಕಾರಿಗೆ ಕೂರಿಸಿಕೊಟ್ಟರು. ಎರಡು ಬೆರಳು ದಪ್ಪವಾಗಿದೆ. ಲೋಟದ ಗುಂಡಿಯಲ್ಲಿ ಲೋಟ ನಿಲ್ಲುವುದಿಲ್ಲ, ನಿಂಬೆಹಣ್ಣು ನಿಲ್ಲುತ್ತದೆ. "ಭೂಕಂಪ ಆದ್ರೂ ಅಲ್ಲಾಡಲ್ಲ" ಎಂದು ಮಾತು ಕೊಟ್ಟಿದ್ದಾರೆ. ಕಾರು ಉಳಿಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ.

ಅಂದಿನಿಂದ ನಮ್ಮ ಯಜಮಾನರು ಏನನ್ನೂ ಮರೆಯುವುದಿಲ್ಲ. ಎಲ್ಲವನ್ನೂ ನಾನು ಒರೆಸಿಬಿಡುತ್ತೇನೆ. ಕನ್ನಡಕ ಸಿಗಲಿಲ್ಲವೇ? "ನೀನೇ ಒರೆಸೋಕೆ ತಗೊಂಡಿರ್ತೀಯ." ಚಹಾಕ್ಕೆ ಎರಡು ಸಲ ಸಕ್ಕರೆ ಬಿತ್ತೇ? "ಡಬ್ಬಿ ಒರೆಸಿ ಜಾಗ ಬದಲಾಯಿಸಿರ್ತೀಯ." ಒಂದೊಂದು ಕಾಲಿಗೆ ಒಂದೊಂದು ಬಗೆಯ ಚಪ್ಪಲಿ ಹಾಕಿಕೊಂಡು ಬ್ಯಾಂಕಿಗೆ ಹೋಗಿ ಬಂದ ದಿನವೂ, "ಜೋಡಿ ಇಟ್ಟಿದ್ದೆ ಕಣೇ, ನೆಲ ಒರೆಸುವಾಗ ನೀನು..." ಮಗಳೂ ಫೋನಿನಲ್ಲಿ, "ಅಮ್ಮಾ, ಅಪ್ಪನ ತಲೆ ಸರಿಯಾಗೇ ಇದೆ. ನೀನು ಸ್ವಲ್ಪ ಕೈ ಕಟ್ಕೊಂಡು ಕೂತ್ಕೋಬಾರ್ದಾ?" ಅನ್ನುತ್ತಾಳೆ.

ಕಳೆದ ಗುರುವಾರ ಅಕ್ಕನ ಮನೆಗೆ ಹೊರಟೆವು. ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದರು. ಪೆಟ್ರೋಲ್ ತುಂಬಿತು, ಕಾರು ಹೊರಟಿತು. ನಾನು ಮಾತ್ರ ಪಂಪಿನ ಪಕ್ಕದಲ್ಲೇ ನಿಂತಿದ್ದೆ. ಕೂಗಿದೆ, ಕೇಳಿಸಲಿಲ್ಲ. ಪೆಟ್ರೋಲ್ ಹಾಕಿದವಳು ಪಾಪ, ಕುರ್ಚಿ ತಂದುಕೊಟ್ಟಳು. ಇವರು ಅಕ್ಕನ ಮನೆಯವರೆಗೂ ಹೋಗಿ, ಮರ್ಯಾದೆಯಾಗಿ ಇಳಿದು, ಸುತ್ತಿ ಬಂದು, ನನ್ನ ಕಡೆಯ ಬಾಗಿಲು ತೆಗೆದು, ಖಾಲಿ ಸೀಟಿಗೆ "ಇಳಿ, ಮನೆ ಬಂತು" ಅಂದರಂತೆ. ಅಕ್ಕ ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೇಳಿದಳು.

ಮುಕ್ಕಾಲು ಗಂಟೆ ಕಳೆದ ಮೇಲೆ ಕಾರು ವಾಪಸ್ಸು ಬಂತು. ಈಗ ಸಿಕ್ಕಿಬಿದ್ದಿರಿ, ಇದನ್ನೂ ನಾನೇ ಒರೆಸಿದೆ ಅನ್ನಿ ನೋಡೋಣ, ಅಂತ ನಾನು ಎದ್ದು ಸೆರಗು ಬಿಗಿದು ನಿಂತೆ. ಇವರು ಗಾಜು ಇಳಿಸಿ, ಪಶ್ಚಾತ್ತಾಪದ ಸುಳಿವೂ ಇಲ್ಲದೆ ಕೇಳಿದರು.

"ಸೀಟಲ್ಲಿ ಕೂತಿದ್ದವಳು ಯಾಕೆ ಇಳಿದೆ?"

ಹತ್ತಿ ಕೂತು ಹಿಡಿ ಹಿಡಿದುಕೊಂಡೆ. ಹಿಂದಿನ ಗಾಜು ಮಂಕಾಗಿತ್ತು. ಒಂದು ಸಲ ಒರೆಸಿಬಿಡೋಣ ಅಂತ ಇಳಿದಿದ್ದೆ. ಬಟ್ಟೆ ಇನ್ನೂ ಕೈಯಲ್ಲೇ ಇತ್ತು.